ಮನೆಯಲ್ಲೇ ಬೈಕ್ ತೊಳೆಯುವವರು ಹೇಳಿ: ಟ್ಯಾಂಕ್ ಮೇಲೆ ಜೇಡರ ಬಲೆಯಂಥ ಗೀರು, ಒಣಗಿದ ಮೇಲೆ ಬಿಳಿ ಚುಕ್ಕೆ

ಡೊಂಬಿವಲಿ ಕಪ್ಪು ಕ್ಲಾಸಿಕ್:

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕಡೆಯವನು, ಹನ್ನೊಂದು ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ತಗೊಂಡೆ, ಕಪ್ಪು ಬಣ್ಣದ್ದು. ಮೊದಲೆಲ್ಲ ತಿಂಗಳಿಗೊಮ್ಮೆ ವಾಟರ್ ವಾಶ್‌ಗೆ ಕೊಡುತ್ತಿದ್ದೆ. ಹೋದ ವರ್ಷ ಆಯುಧ ಪೂಜೆಯ ಹಿಂದಿನ ದಿನ ಒಂದು ಕಡೆ ಕೊಟ್ಟಾಗ, ತೊಳೆದು ಮುಗಿಸಿ ಹೊಳಪಿಗೆ ಅಂತ ಇಡೀ ಗಾಡಿಗೆ ಡೀಸೆಲ್ ಹೊಡೆದುಬಿಟ್ಟರು. ನನಗೆ ಗೊತ್ತೇ ಆಗಲಿಲ್ಲ. ಮನೆಗೆ ಬರುವಾಗ ಸಿಗ್ನಲ್‌ನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲೇ ಇಲ್ಲ. ಎದುರಿಗಿದ್ದ ರಿಕ್ಷಾಕ್ಕೆ ಇನ್ನೊಂದು ಗೇಣು ಇರುವಾಗ ಎರಡೂ ಕಾಲು ಊರಿ ಹೇಗೋ ನಿಲ್ಲಿಸಿದೆ. ಹಿಂದೆ ಮಗಳು ಕೂತಿದ್ದಳು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ನನ್ನ ಗಾಡಿ ನಾನೇ ತೊಳೆಯುವುದು ಅಂತ.

ಒಂದು ವರ್ಷದಿಂದ ಹಾಗೇ ನಡೆದಿದೆ. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೆಳಗೆ ಹೋಗುತ್ತೇನೆ. ಮೊದಲು ಒಣ ಬಟ್ಟೆಯಲ್ಲಿ ಧೂಳು ಒರೆಸುವುದು, ಆಮೇಲೆ ಒಂದು ಬಕೆಟ್ ನೀರಿಗೆ ಬಟ್ಟೆ ಒಗೆಯುವ ಪುಡಿ ಹಾಕಿ ಹಳೇ ಬನಿಯನ್‌ನಲ್ಲಿ ಉಜ್ಜುವುದು, ಕೊನೆಗೆ ಮಗ್‌ನಲ್ಲಿ ನೀರು ಸುರಿಯುವುದು. ಈಗ ನೋಡಿದರೆ ಟ್ಯಾಂಕ್ ಮೇಲೆ ಬಿಸಿಲು ಬಿದ್ದಾಗ ಸುತ್ತಲೂ ಸಣ್ಣ ಸಣ್ಣ ಗೀರು, ಥೇಟ್ ಜೇಡರ ಬಲೆ. ಅದರ ಜೊತೆಗೆ ಬಿಳಿ ಚುಕ್ಕೆಗಳು, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಈ ಸಲದ ಪೂಜೆಗೆ ಇನ್ನು ಮೂರು ವಾರ ಇದೆ, ಅಷ್ಟರಲ್ಲಿ ಸರಿ ಮಾಡಬೇಕು.

ಚಿಂಚ್ವಡ್ ಗ್ಯಾರೇಜ್:

ಸರ್, ನಮಸ್ಕಾರ ರೀ. ನಾನು ಬಾಗಲಕೋಟೆಯವನು, ಪುಣೆಯ ಚಿಂಚ್ವಡ್‌ನಲ್ಲಿ ಹದಿನೆಂಟು ವರ್ಷದಿಂದ ಗಾಡಿ ರಿಪೇರಿ ಮಾಡುತ್ತೇನೆ. ನಿಮ್ಮ ತಪ್ಪು ಮೊದಲನೇ ಹೆಜ್ಜೆಯಲ್ಲೇ ಇದೆ. ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತೀರಲ್ಲ, ಅದೇ. ರಸ್ತೆಯ ಧೂಳು ಅಂದರೆ ಏನು? ಪುಡಿಯಾದ ಕಲ್ಲು, ಮರಳು. ಅದನ್ನು ಬಟ್ಟೆಯ ಕೆಳಗಿಟ್ಟು ಒತ್ತಿ ತಿಕ್ಕಿದರೆ ಪಾಲಿಶ್ ಪೇಪರ್ ಹಿಡಿದು ತಿಕ್ಕಿದ ಹಾಗೇ ಆಗುತ್ತದೆ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ, ನೋಟ್‌ಬುಕ್ಕಿನ ಹಾಳೆಗಿಂತ ತೆಳು. ನೀವು ನೋಡುತ್ತಿರುವ ಬಲೆ ಆ ಪದರದ ಮೇಲಿದೆ. ಕಪ್ಪು ಗಾಡಿಯಲ್ಲಿ ಜಾಸ್ತಿ ಕಾಣುತ್ತದೆ, ಬಿಳಿ ಗಾಡಿಯಲ್ಲಿ ಅಷ್ಟೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಮುಟ್ಟುವ ಮೊದಲು ನೀರು. ಇದೊಂದು ನೆನಪಿಡಿ. ಸಾಬೂನಿಲ್ಲದ ಬರೀ ನೀರನ್ನು ಮೇಲಿಂದ ಕೆಳಕ್ಕೆ ಹರಿಸಿ, ಸಡಿಲ ಇರುವ ಮಣ್ಣೆಲ್ಲ ತಾನಾಗಿ ಇಳಿದುಹೋಗಲಿ. ಕೆಸರು ಗಟ್ಟಿಯಾಗಿದ್ದರೆ ನೆನೆಸಿ ಐದು ನಿಮಿಷ ಬಿಡಿ. ಉಗುರಲ್ಲಿ ಕೆರೆಯಬೇಡಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯುವುದು, ಬರೀ ನೀರಿನಲ್ಲಿ ಜಾಲಿಸುವುದು, ಹಿಂಡುವುದು, ಮತ್ತೆ ಶಾಂಪೂಗೆ ಹೋಗುವುದು. ಮುಗಿದ ಮೇಲೆ ಎರಡನೇ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿ ಸರ್, ಬೆರಳಿಗೆ ಮರಳು ಸಿಗುತ್ತದೆ. ಒಂದೇ ಬಕೆಟ್ ಇದ್ದರೆ ಅಷ್ಟೂ ವಾಪಸ್ ಟ್ಯಾಂಕ್ ಮೇಲೆ ಹೋಗುತ್ತಿತ್ತು.

ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಅದರಲ್ಲಿ ಕ್ಷಾರ ಜಾಸ್ತಿ, ವ್ಯಾಕ್ಸ್ ಇದ್ದರೆ ತೆಗೆದುಹಾಕುತ್ತದೆ, ಸರಿಯಾಗಿ ಕರಗದ ಪುಡಿ ಕೂಡ ಗೀರು ಹಾಕುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡು ತೆಗೆಯುತ್ತದೆ ನಿಜ, ಆದರೆ ಪ್ರತಿ ವಾರ ಹಾಕುವಂಥದ್ದಲ್ಲ. ಕಾರ್ ಶಾಂಪೂ ಒಂದು ಸಣ್ಣ ಬಾಟಲಿ ತಂದರೆ ಬೈಕಿಗೆ ಎಷ್ಟೋ ತಿಂಗಳು ಬರುತ್ತದೆ. ಬನಿಯನ್ನಿಗೆ ಹೊಲಿಗೆ ಇರುತ್ತದೆ, ಮಣ್ಣು ಆ ಹೊಲಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೈಕ್ರೋಫೈಬರ್ ಬಟ್ಟೆ ಮೂರು ತಗೊಳ್ಳಿ, ಟ್ಯಾಂಕಿಗೆ ಒಂದು, ಚಕ್ರ ಮತ್ತು ಇಂಜಿನ್‌ಗೆ ಒಂದು, ಒರೆಸಲು ಒಂದು. ಚಕ್ರದ ಬಟ್ಟೆ ಯಾವತ್ತೂ ಟ್ಯಾಂಕಿಗೆ ಬರಬಾರದು. ಬಟ್ಟೆ ನೆಲಕ್ಕೆ ಬಿದ್ದರೆ ಆವತ್ತಿಗೆ ಅದರ ಕೆಲಸ ಮುಗಿಯಿತು.

ಇನ್ನೊಂದು, ಬ್ರೇಕ್ ವಿಷಯ ಬರೆದಿರಲ್ಲ, ಆಮೇಲೆ ಪ್ಯಾಡ್ ಬದಲಿಸಿದಿರಾ? ಡೀಸೆಲ್ ಕುಡಿದ ಪ್ಯಾಡ್ ಪೂರ್ತಿ ಸರಿಯಾಗುವುದು ಕಷ್ಟ.

ಡೊಂಬಿವಲಿ ಕಪ್ಪು ಕ್ಲಾಸಿಕ್:

ಪ್ಯಾಡ್ ಮರುದಿನವೇ ಬದಲಿಸಿದೆ ಸರ್, ಡಿಸ್ಕ್ ಕೂಡ ಬ್ರೇಕ್ ಕ್ಲೀನರ್ ಹಾಕಿ ಒರೆಸಿಕೊಟ್ಟರು. ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ಒಂದು ತೊಂದರೆ ಇದೆ. ನಮ್ಮ ಸೊಸೈಟಿಯಲ್ಲಿ ಪೈಪ್ ಹಚ್ಚಿ ಗಾಡಿ ತೊಳೆಯುವ ಹಾಗಿಲ್ಲ. ನೀರಿನ ತಾಪತ್ರಯ, ವಾರಕ್ಕೆ ಮೂರು ಸಲ ಟ್ಯಾಂಕರ್ ಬರುತ್ತದೆ. ಸೆಕ್ರೆಟರಿ ಹೇಳುವುದು ಸರಿಯೇ, ನನಗೆ ಬೇಜಾರಿಲ್ಲ. ನಾಲ್ಕನೇ ಮಹಡಿಯಿಂದ ಲಿಫ್ಟ್‌ನಲ್ಲಿ ಎರಡು ಬಕೆಟ್ ಇಳಿಸಬಹುದು, ಅಷ್ಟೇ. ಅದರಲ್ಲಿ ನೀರು ಹರಿಸುವುದು ಹೇಗೆ?

ವಾಕಡ್ ಸವಾರ:

ಬಿಳಿ ಚುಕ್ಕೆಗೆ ಕಾರಣ ನಿಮ್ಮ ಟ್ಯಾಂಕರ್ ನೀರೇ. ಟ್ಯಾಂಕರ್‌ನಲ್ಲಿ ಬರುವುದು ಬಹಳ ಸಲ ಬೋರ್‌ವೆಲ್ ನೀರು, ಗಡಸು ನೀರು. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿಯುತ್ತದೆ. ನಮ್ಮ ವಾಕಡ್‌ನಲ್ಲೂ ಇದೇ ಕಥೆ. ಮನೆಯಲ್ಲಿ ನೀರಿನಲ್ಲಿ ಕರಗಿದ ಖನಿಜ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಇದೆ, ಕಾರ್ಪೊರೇಷನ್ ನಲ್ಲಿಯ ನೀರಿಗೆ 100ರ ಆಸುಪಾಸು ತೋರಿಸಿತು, ಟ್ಯಾಂಕರ್ ನೀರಿಗೆ 600 ದಾಟಿತು. ನೀವು ಬೆಳಿಗ್ಗೆ ಹತ್ತಕ್ಕೆ ಬಿಸಿಲಲ್ಲಿ ತೊಳೆಯುತ್ತೀರಿ, ಒರೆಸುವ ಮೊದಲೇ ಒಣಗುತ್ತದೆ. ಏಳು ಗಂಟೆಗೆ ನೆರಳಲ್ಲಿ ತೊಳೆದು ತಕ್ಷಣ ಒರೆಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೆಲವರು ಆರ್‌ಒ ಯಂತ್ರ ಕುಡಿಯುವ ನೀರು ಶುದ್ಧ ಮಾಡುವಾಗ ಹೊರಬಿಡುವ ನೀರು ಸುಮ್ನೆ ಹಾಳಾಗುತ್ತದೆ ಅಂತ ಗಾಡಿಗೆ ಹಾಕುತ್ತಾರೆ. ದಯವಿಟ್ಟು ಬೇಡ, ಅದರಲ್ಲಿ ಖನಿಜ ಇನ್ನೂ ಜಾಸ್ತಿ. ಅದನ್ನು ನೆಲ ಒರೆಸಲು ಇಡಿ. ಗಾಡಿಗೆ ಬೇಕಾದ ನೀರು ನಿಮ್ಮ ಮನೆಯಲ್ಲೇ ಇದೆ, ಎಸಿ ನೀರು! ಗಾಳಿಯ ತೇವ ತಣ್ಣಗಾಗಿ ಇಳಿದ ನೀರು ಅದು, ಖನಿಜ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮುಂಬೈಯ ತೇವಕ್ಕೆ ರಾತ್ರಿ ಎಸಿ ಓಡಿದರೆ ಬೆಳಿಗ್ಗೆ ಅರ್ಧ ಬಕೆಟ್ ಸಿಗುತ್ತದೆ. ಪೈಪಿನ ತುದಿಗೆ ಬಕೆಟ್ ಇಟ್ಟು, ಕಸ ಇದ್ದರೆ ಬಟ್ಟೆಯಲ್ಲಿ ಸೋಸಿ, ಕೊನೇ ಸಲ ಜಾಲಿಸಲು ಮಾತ್ರ ಬಳಸಿ. ನಾನು ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ನನ್ನ ಡ್ಯೂಕ್ ಬೈಕ್ ಮೇಲೆ ಒಂದು ಚುಕ್ಕೆ ಇಲ್ಲ.

ಈಗಿರುವ ಚುಕ್ಕೆಗೆ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚುಕ್ಕೆ ಇರುವ ಜಾಗದ ಮೇಲೆ ಒಂದೆರಡು ನಿಮಿಷ ಸುಮ್ನೆ ಇಡಿ. ತಿಕ್ಕಬೇಡಿ. ಆಮೇಲೆ ಚೆನ್ನಾಗಿ ನೀರು ಹಾಕಿ. ತಣ್ಣಗಿರುವ ಟ್ಯಾಂಕಿನ ಮೇಲೆ ಮಾತ್ರ, ಇಂಜಿನ್ನಿನ ಅಲ್ಯೂಮಿನಿಯಂ ಮೇಲೆ ಬೇಡ. ಎರಡು ಮೂರು ಸಲಕ್ಕೂ ಹೋಗದಿದ್ದರೆ ಅದು ಪದರವನ್ನೇ ತಿಂದಿದೆ ಅಂತ ಅರ್ಥ, ಪಾಲಿಶ್ ಬೇಕು.

ಹಡಪ್ಸರ್ ಅಕ್ಕ:

ಎರಡು ಬಕೆಟ್ ಧಾರಾಳ ಸಾಕು. ನಾನು ಅಷ್ಟರಲ್ಲೇ ತೊಳೆಯುತ್ತೇನೆ. ಗಿಡಕ್ಕೆ ಔಷಧಿ ಹೊಡೆಯುವ 2 ಲೀಟರ್ ಕೈಪಂಪ್ ಇರುತ್ತದಲ್ಲ, ಮೇಲೆ ಹಿಡಿಕೆ ಒತ್ತಿ ಗಾಳಿ ತುಂಬಿಸುವುದು, ಅದೊಂದು ತಗೊಳ್ಳಿ. ಗಿಡಕ್ಕೆ ಬಳಸಿದ್ದು ಬೇಡ, ಹೊಸದು. ಮೊದಲು ಅದರಲ್ಲಿ ಎರಡು ಸಲ ನೀರು ತುಂಬಿ ಇಡೀ ಗಾಡಿಗೆ ಹೊಡೆದರೆ ಧೂಳು ಚೆನ್ನಾಗಿ ಇಳಿಯುತ್ತದೆ. ಮಗ್‌ನಲ್ಲಿ ಸುರಿದರೆ ನೀರು ಒಂದೇ ಕಡೆ ಬಿದ್ದು ಹೋಗುತ್ತದೆ, ಇದರಲ್ಲಿ ಮೂಲೆ ಮೂಲೆಗೂ ಹೋಗುತ್ತದೆ. ಮಡ್‌ಗಾರ್ಡ್ ಕೆಳಗೂ ಹೊಡೆಯಬಹುದು, ಅಲ್ಲೇ ಕೆಸರು ಜಾಸ್ತಿ ಕೂತಿರುವುದು ಅಲ್ವಾ. ನನ್ನ ಲೆಕ್ಕಕ್ಕೆ ಒಟ್ಟು 18 ಲೀಟರ್ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಮಾಡಿದ್ದರು, ಆಗ ನಾನು ಅಲ್ಲಿ ಅಕ್ಕನ ಮನೆಯಲ್ಲಿದ್ದೆ. ಆಗಿನಿಂದ ಈ ಅಭ್ಯಾಸ.

ಮ್ಯಾಟ್ (ಹೊಳಪಿಲ್ಲದ) ಬಣ್ಣದ ಗಾಡಿ ಇರುವವರಿಗೆ ಒಂದು ಮಾತು. ನನ್ನದು ಮ್ಯಾಟ್ ಕಪ್ಪು. ಅದಕ್ಕೆ ವ್ಯಾಕ್ಸ್, ಪಾಲಿಶ್ ಯಾವುದನ್ನೂ ಹಾಕಬಾರದು. ಮೊದಲ ತಿಂಗಳಲ್ಲೇ ಯಾರೋ ಹೇಳಿದರು ಅಂತ ಟ್ಯಾಂಕಿನ ಬಲಗಡೆ ಪಾಲಿಶ್ ತಿಕ್ಕಿದೆ. ಅಂಗೈಯಗಲ ಜಾಗ ಮಿರಿಮಿರಿ ಮಿಂಚುತ್ತಾ ಉಳಿದುಬಿಟ್ಟಿದೆ, ಇವತ್ತಿಗೂ ಹೋಗಿಲ್ಲ. ಗೀರು ಬಿದ್ದರೂ ಮ್ಯಾಟ್‌ನಲ್ಲಿ ತಿಕ್ಕಿ ತೆಗೆಯಲು ಆಗುವುದಿಲ್ಲ. ಶಾಂಪೂ, ನೀರು, ಮೆತ್ತಗಿನ ಬಟ್ಟೆ, ಅಷ್ಟೇ.

ಮಾಟುಂಗಾ ಆರ್‌ಎಕ್ಸ್:

ನನಗೊಂದು ವಿಷಯ ಅರ್ಥ ಆಗುತ್ತಿಲ್ಲ ಮಾರಾಯ್ರೇ. ಡೀಸೆಲ್ ಬಗ್ಗೆ ಎಲ್ಲರೂ ಹೀಗೆ ಹೇಳುತ್ತೀರಿ. ನಮ್ಮ ಮಾವ ಇಲ್ಲೇ ಹೋಟೆಲ್ ನಡೆಸುತ್ತಿದ್ದರು, ಅವರ 1994ರ ಯಮಹಾ ಆರ್‌ಎಕ್ಸ್ 100 ಈಗ ನನ್ನ ಹತ್ತಿರ ಇದೆ. ಅವರು ಪ್ರತಿ ಮಳೆಗಾಲ ಮುಗಿದ ಮೇಲೆ ಬಟ್ಟೆಗೆ ಡೀಸೆಲ್ ಹಚ್ಚಿ ಇಂಜಿನ್ ಮತ್ತು ಚಾಸಿಸ್ ಒರೆಸುತ್ತಿದ್ದರು. ಮೂವತ್ತು ವರ್ಷ ಆಯಿತು, ಚಾಸಿಸ್ ಗಟ್ಟಿ ಇದೆ. ಸಮುದ್ರದ ಗಾಳಿಗೆ ಎಣ್ಣೆ ಪಸೆ ಇದ್ದರೆ ಒಳ್ಳೆಯದೇ ಅಲ್ವಾ? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ, ಗಾಡಿ ಹಾಳಾಗಬಾರದು ಅಂತ ಕೇಳುತ್ತಿದ್ದೇನೆ. ಹಾಗೇ ಕ್ರೋಮ್ ಮಡ್‌ಗಾರ್ಡ್ ಮೇಲೆ ಕಂದು ಚುಕ್ಕೆ ಬಂದಿದೆ, ಅದಕ್ಕೂ ಏನಾದರೂ ಹೇಳಿ.

ಚಿಂಚ್ವಡ್ ಗ್ಯಾರೇಜ್:

ನಿಮ್ಮ ಮಾವ ಬಟ್ಟೆಗೆ ಹಚ್ಚಿ ಒರೆಸಿದರು, ಕಬ್ಬಿಣ ನೋಡಿ ಒರೆಸಿದರು. ಅದಕ್ಕೂ ಗನ್ನಿನಲ್ಲಿ ಇಡೀ ಗಾಡಿಗೆ ಹೊಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಗನ್ನಿನಲ್ಲಿ ಹೊಡೆದದ್ದು ಬ್ರೇಕಿಗೆ ಹೋಗುತ್ತದೆ, ಟೈರಿಗೆ ಹೋಗುತ್ತದೆ, ರಬ್ಬರ್ ಪೈಪು, ಬುಶ್, ವೈರಿನ ಕನೆಕ್ಟರ್ ಎಲ್ಲಕ್ಕೂ ಹೋಗುತ್ತದೆ. ರಬ್ಬರ್ ಡೀಸೆಲ್ ಕುಡಿದು ಉಬ್ಬುತ್ತದೆ, ಆಮೇಲೆ ಸೀಳುತ್ತದೆ. ಎರಡು ದಿನ ಹೊಳೆಯುತ್ತದೆ, ಮೂರನೇ ದಿನ ಊರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಚಾಸಿಸ್ಸಿಗೆ ಪಸೆ ಬೇಕಾದರೆ ತುಕ್ಕು ತಡೆಯುವ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ, ನೇರವಾಗಿ ಗಾಡಿಗೆ ಹೊಡೆಯಬೇಡಿ. ಟೈರ್ ಪಾಲಿಶ್ ಕೂಡ ಹಾಗೇ ಸರ್, ಪಕ್ಕಕ್ಕೆ ಹಚ್ಚಿದರೂ ತಿರುವಿನಲ್ಲಿ ಬೈಕ್ ವಾಲಿದಾಗ ಆ ಪಕ್ಕವೇ ರಸ್ತೆಗೆ ತಾಗಿ ಜಾರುತ್ತದೆ, ಕಾರಿನ ಹಾಗಲ್ಲ. ನಾನು ಯಾರ ಗಾಡಿಗೂ ಹಚ್ಚುವುದಿಲ್ಲ, ಕೇಳಿದರೂ ಇಲ್ಲ.

ಕ್ರೋಮ್‌ಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ತುಂಡು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಹಗುರ ಕೈಯಲ್ಲಿ ತಿಕ್ಕಿ. ಕ್ರೋಮ್‌ಗಿಂತ ಅಲ್ಯೂಮಿನಿಯಂ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಕಂದು ಕೆಸರಿನ ಹಾಗೆ ಬರುತ್ತದೆ, ಒರೆಸಿ, ಒಣಗಿಸಿ, ವ್ಯಾಕ್ಸ್ ಹಚ್ಚಿಡಿ. ಕ್ರೋಮ್ ಪದರ ಎದ್ದು ಬಂದಿದ್ದರೆ ಮಾತ್ರ ಮತ್ತೆ ಪ್ಲೇಟಿಂಗ್ ಮಾಡಿಸಬೇಕು.

ಚೈನ್ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಹೇಳದೆ ಇರಲಾರೆ. ದಯವಿಟ್ಟು ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬೇಡಿ. ಇದನ್ನು ಎಷ್ಟು ಜನ ಮಾಡುತ್ತಾರೆ ಅಂತ ನನಗೆ ಗೊತ್ತು. ನಮ್ಮ ಗ್ಯಾರೇಜ್ ಎದುರಿನ ಬಿಲ್ಡಿಂಗಿನ ಹುಡುಗ ಹಾಗೆ ಮಾಡಿದ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿತು, ಬಟ್ಟೆ ಹಿಂದೆ ಕೈ ಹೋಯಿತು. ಎರಡು ಬೆರಳಿನ ತುದಿ ಇಲ್ಲ. ಇಪ್ಪತ್ತೆರಡು ವಯಸ್ಸು. ನಾನೇ ಕೈಗೆ ಟವೆಲ್ ಸುತ್ತಿ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇಂಜಿನ್ ಬಂದ್, ಕೀ ಜೇಬಿನಲ್ಲಿ, ಗಾಡಿ ನ್ಯೂಟ್ರಲ್‌ನಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ, ಚಕ್ರ ಕೈಯಲ್ಲೇ ತಿರುಗಿಸುವುದು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್, ಅದೂ ಇಲ್ಲದಿದ್ದರೆ ಗಾಡಿಯನ್ನು ಒಂದೊಂದು ಮೊಳ ಮುಂದೆ ತಳ್ಳುತ್ತಾ ಮಾಡಿ. ನೈಲಾನ್ ಬ್ರಷ್ ಬಳಸಿ, ತಂತಿ ಬ್ರಷ್ ಚೈನ್ ಕೊಂಡಿಗಳ ನಡುವಿನ ಓ-ರಿಂಗ್ ಅನ್ನುವ ರಬ್ಬರ್ ಬಳೆ ಕತ್ತರಿಸುತ್ತದೆ. ಪೆಟ್ರೋಲ್ ಬೇಡ, ರಬ್ಬರಿಗೂ ಕೆಟ್ಟದ್ದು, ಬೆಂಕಿಗೂ ಹತ್ತಿರ. ಚೈನ್ ಕ್ಲೀನರ್ ಹಾಕಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಚೈನಿನ ಒಳಬದಿಗೆ ಲ್ಯೂಬ್ ಹೊಡೆಯಿರಿ. ಚಕ್ರ ತಿರುಗಿದಾಗ ಅದು ತಾನೇ ಹೊರಕ್ಕೆ ಬರುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಅದಕ್ಕೂ ಮೊದಲೇ. ರಾತ್ರಿ ಹಚ್ಚಿ ಬೆಳಿಗ್ಗೆ ಓಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು.

ವಾಸ್ಕೊ ಕಾರವಾರಿ:

ಗೋವಾದಿಂದ ಒಂದು ಅನುಭವ. ಇಲ್ಲಿ ನಮಗೆ ಎರಡು ಕಾಟ. ಒಂದು ಉಪ್ಪು, ಒಂದು ಕೆಂಪು ಮಣ್ಣು. ಸಮುದ್ರದ ಹತ್ತಿರ ಮನೆ ಇದ್ದರೆ ಗಾಡಿ ಓಡಿಸದೆ ನಿಲ್ಲಿಸಿದರೂ ಉಪ್ಪಿನ ಗಾಳಿ ಬಂದು ಕೂರುತ್ತದೆ. ಬೆಳಿಗ್ಗೆ ಸೀಟ್ ಮೇಲೆ ಬೆರಳು ಎಳೆದರೆ ಅಂಟಂಟು. ಅದನ್ನು ಒರೆಸಿದರೆ ಹೋಗುವುದಿಲ್ಲ, ಒರೆಸಲೂಬಾರದು, ನೀರಲ್ಲಿ ಕರಗಿಸಿಯೇ ತೆಗೆಯಬೇಕು. ತಣ್ಣೀರು ಸಾಕು. ಸ್ಪೋಕ್ ಚಕ್ರ ಇದ್ದರೆ ಸ್ಪೋಕ್ ರಿಮ್‌ಗೆ ಸೇರುವ ಜಾಗ ನೋಡಿ, ಆ ನಿಪ್ಪಲ್ ಹತ್ತಿರವೇ ತುಕ್ಕು ಮೊದಲು ಹಿಡಿಯುತ್ತದೆ. ನಾನು ಹಳೇ ಟೂತ್‌ಬ್ರಷ್ ಹಿಡಿದು ಒಂದೊಂದೇ ಸ್ಪೋಕ್ ತೊಳೆಯುತ್ತೇನೆ, ಎರಡು ಚಕ್ರಕ್ಕೆ ಮುಕ್ಕಾಲು ಗಂಟೆ ಬೇಕು.

ರಜೆಗೆ ಬರುವವರು ಬಾಡಿಗೆ ಬೈಕನ್ನು ಬೀಚ್ ಮೇಲೆ ಇಳಿಸುತ್ತಾರೆ. ಗೋವಾದಲ್ಲಿ ಅದು ಕಾನೂನಿಗೆ ವಿರುದ್ಧ, ಪೊಲೀಸರು ಹಿಡಿಯುತ್ತಾರೆ. ಗಾಡಿಗೂ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಉಪ್ಪು ನೀರು, ಮರಳು ಎರಡೂ ಬೇರಿಂಗ್ ತನಕ ಹೋಗುತ್ತವೆ.

ಕೆಂಪು ಮಣ್ಣು ಅನ್‌ಮೋಡ್ ಘಾಟ್, ಚೋರ್ಲಾ ಘಾಟ್ ಇಳಿದು ಬಂದವರಿಗೆ ಗೊತ್ತಿರುತ್ತದೆ. ಈ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಒಣಗಿ ಎರಡು ದಿನ ಆದರೆ ಇಂಜಿನ್ನಿನ ಮೇಲೆ ಕಲೆ ಬಿಡುತ್ತದೆ. ಎಷ್ಟೇ ಸುಸ್ತಾಗಿದ್ದರೂ ಬಂದ ರಾತ್ರಿಯೇ ಬರೀ ನೀರು ಹಾಕಿ ಮಲಗಿ, ಶಾಂಪೂ ಬೆಳಿಗ್ಗೆ ನೋಡಿಕೊಳ್ಳಬಹುದು. ಆದರೆ ಇಂಜಿನ್ ಬಿಸಿ ಇರುವಾಗ ಬೇಡ, ಅರ್ಧ ಗಂಟೆಯಾದರೂ ಆರಲಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಒಳ್ಳೆಯದಲ್ಲ. ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದೂ ಸೈಲೆನ್ಸರ್ ಆರಿದ ಮೇಲೆ. ಕೀ ಹಾಕುವ ತೂತಿಗೆ ಟೇಪ್ ಅಂಟಿಸಿ. ತೊಳೆದು ಮುಗಿದ ಮೇಲೆ ಚೀಲ ತೆಗೆಯಲು ಮರೆಯಬೇಡಿ.

ಠಾಣೆ ಹೊಸಬ:

ನಾನು ಪ್ರೆಶರ್ ಪಂಪ್ ತಗೊಳ್ಳಬೇಕು ಅಂತಿದ್ದೇನೆ, ಒತ್ತಡ 120 ಬಾರ್ ಅಂತ ಬರೆದಿದೆ. ಬೈಕಿಗೆ ಆಗುತ್ತದಾ? ಬಣ್ಣದ ಮೇಲೆ ರಕ್ಷಣೆಗೆ ಹಚ್ಚುವ ಸಿರಾಮಿಕ್ ಕೋಟಿಂಗ್ ಮಾಡಿಸಿದರೆ ತೊಳೆಯುವುದೇ ಬೇಡ ಅಂತಾರೆ, ಹೌದಾ?

ವಾಕಡ್ ಸವಾರ:

ಆಗುತ್ತದೆ, ಆದರೆ ಅಗಲ ನಾಝಲ್ ಹಾಕಿ, ಒಂದು ಮಾರು ದೂರ ನಿಲ್ಲಿ. ಚಕ್ರದ ಬೇರಿಂಗ್, ಫೋರ್ಕ್ ಸೀಲ್, ಚೈನ್, ಸ್ವಿಚ್, ರೇಡಿಯೇಟರ್ ಇವುಗಳ ಮೇಲೆ ನೇರ ಹೊಡೆಯಬೇಡಿ. ಗ್ರೀಸ್ ಹೊರಗೆ ಹೋಗಿ ನೀರು ಒಳಗೆ ಹೋಗುತ್ತದೆ. ರೇಡಿಯೇಟರಿನ ಫಿನ್ ಬಾಗುತ್ತವೆ. ಸ್ಟಿಕ್ಕರ್ ಎದ್ದು ಬರುತ್ತದೆ. ನಿಮ್ಮದು ಸಿಟಿಯಲ್ಲಿ ಓಡುವ ಗಾಡಿ ಆದರೆ ಅಕ್ಕ ಹೇಳಿದ ಕೈಪಂಪೇ ಸಾಕು.

ಕೋಟಿಂಗ್ ಮಾಡಿಸಿದರೂ ತೊಳೆಯಲೇಬೇಕು. ನೀರು ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಕಲ್ಲೇಟು ತಡೆಯುವುದಿಲ್ಲ. ಮುಖ್ಯವಾಗಿ, ಮೊದಲೇ ಇರುವ ಗೀರಿನ ಮೇಲೆ ಹಚ್ಚಿದರೆ ಗೀರು ಅದರ ಕೆಳಗೇ ಉಳಿಯುತ್ತದೆ.

ಹಡಪ್ಸರ್ ಅಕ್ಕ:

ಮುಂಬೈಯವರು ಪಾರಿವಾಳದ ಹಿಕ್ಕೆ ಕಡೆ ಗಮನ ಕೊಡಿ. ಅದರಲ್ಲಿ ಆಮ್ಲ ಇರುತ್ತದೆ, ಬಿಸಿಲಿಗೆ ಒಂದೇ ದಿನದಲ್ಲಿ ಬಣ್ಣದ ಪದರ ತಿನ್ನುತ್ತದೆ. ಭಾನುವಾರ ಬರಲಿ ಅಂತ ಕಾಯಬೇಡಿ. ಒದ್ದೆ ಬಟ್ಟೆ ಮೇಲಿಟ್ಟು ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಆಯುಧ ಪೂಜೆಯ ಕುಂಕುಮ, ವಿಭೂತಿಗೂ ಅದೇ. ಪೂಜೆ ಮರುದಿನ ಒಣ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ, ವಿಭೂತಿ ಪುಡಿ ಗೀರು ಹಾಕುತ್ತದೆ. ನಾನು ಈಗ ಕುಂಕುಮವನ್ನು ಹೆಡ್‌ಲೈಟಿನ ಮೇಲಿನ ಲೋಹದ ಜಾಗಕ್ಕೆ ಒಂದು ಬೊಟ್ಟು ಮಾತ್ರ ಇಡುತ್ತೇನೆ, ಚೆಂಡುಹೂವಿನ ಮಾಲೆ ಹ್ಯಾಂಡಲ್‌ಗೆ. ಒದ್ದೆ ಹೂ ಟ್ಯಾಂಕ್ ಮೇಲೆ ರಾತ್ರಿಯಿಡೀ ಇದ್ದರೆ ಹಳದಿ ಕಲೆ ಬೀಳುತ್ತದೆ.

ಡೊಂಬಿವಲಿ ಕಪ್ಪು ಕ್ಲಾಸಿಕ್:

ಎರಡು ಭಾನುವಾರ ಆಯಿತು, ಹೇಗಾಯಿತು ಅಂತ ಹೇಳಲು ಬಂದೆ.

ಕೈಪಂಪ್ ತಗೊಂಡೆ, ಬಟ್ಟೆ ಮೂರು ತಗೊಂಡೆ. ಎಸಿ ನೀರು ಶನಿವಾರ ರಾತ್ರಿ ಹಿಡಿದಿಟ್ಟೆ, ಬಕೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಬೆಳಿಗ್ಗೆ ಆರೂವರೆಗೆ ಕೆಳಗೆ ಹೋದೆವು, ಮಗಳೂ ಬಂದಳು. ಪಂಪ್ ಅವಳ ಕೈಗೆ ಕೊಟ್ಟೆ. ಮುಂದಿನ ಮಡ್‌ಗಾರ್ಡಿನ ಒಳಗೆ ಹೊಡೆದಾಗ ಇಳಿದ ನೀರು ಚಹಾದ ಬಣ್ಣ ಇತ್ತು, ಈ ಮಳೆಗಾಲದ ಕೆಸರು ಇಷ್ಟು ದಿನ ಅಲ್ಲೇ ಕೂತಿತ್ತು. ಚಿಂಚ್ವಡ್ ಸರ್ ಹೇಳಿದ ಹಾಗೆ ಕೊನೆಗೆ ಎರಡನೇ ಬಕೆಟ್ಟಿನ ತಳಕ್ಕೆ ಕೈ ಹಾಕಿದೆ. ಮರಳು ನಿಜವಾಗಿಯೂ ಇತ್ತು, ಒಂದು ಚಿಟಿಕೆಯಷ್ಟು. ಮಗಳಿಗೂ ಮುಟ್ಟಿಸಿದೆ. ಒಂದು ವರ್ಷ ಪ್ರತಿ ವಾರ ಇಷ್ಟನ್ನು ಟ್ಯಾಂಕಿನ ಮೇಲೆ ತಿಕ್ಕಿದ್ದೇನೆ ಅಂತ ಹೊಟ್ಟೆ ಉರಿಯಿತು.

ವಿನೆಗರ್‌ಗೆ ಟ್ಯಾಂಕಿನ ಎಡಗಡೆಯ ಚುಕ್ಕೆಗಳು ಮೊದಲ ಸಲಕ್ಕೇ ಹೋದವು. ಬಲಗಡೆ ಪೆಟ್ರೋಲ್ ಮುಚ್ಚಳದ ಹತ್ತಿರ ನಾಲ್ಕೈದು ಉಳಿದಿವೆ, ಎರಡನೇ ವಾರವೂ ಹೋಗಲಿಲ್ಲ. ಬಲೆಯಂಥ ಗೀರು ಹಾಗೇ ಇದೆ, ಆದರೆ ಹೊಸದು ಬಿದ್ದಿಲ್ಲ. ಒರೆಸುವಾಗ ತಿಕ್ಕದೆ, ಬಟ್ಟೆ ಹಾಸಿ ನೀರು ಹೀರಲು ಬಿಟ್ಟು ಎತ್ತುತ್ತಿದ್ದೇನೆ. ಉಳಿದ ಗೀರು, ಚುಕ್ಕೆಗೆ ಪಾಲಿಶ್ ಈಗಲೇ ಹಾಕಲಾ?

ಚಿಂಚ್ವಡ್ ಗ್ಯಾರೇಜ್:

ಪೂಜೆ ಮುಗಿಯಲಿ ಸರ್, ಅವಸರ ಬೇಡ. ಆಮೇಲೆ ಸಣ್ಣ ಪಾಲಿಶ್ ತಗೊಂಡು, ಅಂಗೈಯಷ್ಟು ಜಾಗದಲ್ಲಿ ಮೊದಲು ಮಾಡಿ ನೋಡಿ. ಗರಸಾದ ರಬ್ಬಿಂಗ್ ಕಾಂಪೌಂಡ್ ತರಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಆ ಪದರ ಸ್ವಲ್ಪ ಸವೆಯುತ್ತದೆ, ವರ್ಷಕ್ಕೆ ಒಂದು ಸಲ ಸಾಕು. ಪಾಲಿಶ್ ಆದ ಮೇಲೆ ವ್ಯಾಕ್ಸ್.

ತೊಳೆದ ಮೇಲೆ ಗಾಡಿ ಚಾಲೂ ಮಾಡಿ ಐದು ಹತ್ತು ನಿಮಿಷ ಬಿಟ್ಟಿರಾ? ಬ್ರೇಕ್ ನೋಡಿದಿರಾ?

ಡೊಂಬಿವಲಿ ಕಪ್ಪು ಕ್ಲಾಸಿಕ್:

ನೋಡಿದೆ ಸರ್. ಸೊಸೈಟಿಯ ಒಳಗೇ ನಡೆದಷ್ಟು ವೇಗದಲ್ಲಿ ನಾಲ್ಕು ಸುತ್ತು ಹಾಕಿದೆ, ಮುಂದಿನದು, ಹಿಂದಿನದು ಬೇರೆ ಬೇರೆ ಹಿಡಿದು. ಮೊದಲನೇ ಸಲ ಸ್ವಲ್ಪ ಜಾರಿದಂತೆ ಅನಿಸಿತು, ಎರಡನೇ ಸುತ್ತಿಗೆ ಸರಿಯಾಗಿ ಹಿಡಿಯಿತು. ಆಮೇಲೆಯೇ ಮಗಳನ್ನು ಹತ್ತಿಸಿಕೊಂಡೆ.